ಸಿನಿಮಾದಲ್ಲಿ ಬಾರದ ಒಂದು ಅಧ್ಯಾಯ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’. ಅದರ ಬಗ್ಗೆ ಮಾತಾಡಲು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಇನ್ನೂ ಇಬ್ಬರಿದ್ದಾರೆ. ಹಾಗಾಗಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ: ನಾನು ನೋಡಿದ ಒಂದು ಸಿನಿಮಾ. ಮಕ್ಕಳು ಈಗ ಸ್ವಲ್ಪ ನೆಟ್ಟಗೆ ಕೂತದ್ದು ಇಲ್ಲಿಂದಲೇ ಕಾಣುತ್ತಿದೆ.

2004ನೇ ಇಸವಿ. ನಾನು ಮೈಸೂರಿನಲ್ಲಿ ಬಿ.ಇ. ಎರಡನೇ ಸೆಮಿಸ್ಟರ್‌ನಲ್ಲಿದ್ದೆ. ಆ ವರ್ಷ ಫೆಬ್ರವರಿ ಕೊನೆಗೆ ಆಸ್ಕರ್ ಪ್ರಶಸ್ತಿ ಘೋಷಣೆಯಾಯಿತು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಾಲಿಕೆಯ ಮೂರನೆಯ ಚಿತ್ರ 11 ವಿಭಾಗಗಳಿಗೆ ನಾಮನಿರ್ದೇಶನಗೊಂಡು ಹನ್ನೊಂದನ್ನೂ ಗೆದ್ದುಕೊಂಡಿತು. ಹಾಸ್ಟೆಲಿನಲ್ಲಿ ಅದೇ ಮಾತು. ದೊಡ್ಡ ಪರದೆಯಲ್ಲೇ ನೋಡಬೇಕೆಂದು ನಾಲ್ಕು ಜನ ಒಂದು ಭಾನುವಾರ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ನಾಲ್ವರಲ್ಲಿ ಆ ಕಾದಂಬರಿ ಓದಿದ್ದವನು ನಾನೊಬ್ಬನೇ.

ಅದನ್ನು ಓದಿದ ಬಗೆ ಹೇಳಬೇಕು. ನಾನು ಕನ್ನಡ ಮಾಧ್ಯಮದವನು, ಇದೇ ಶಾಲೆಯವನು. ಹಾಸ್ಟೆಲಿನ ಸೀನಿಯರ್ ಒಬ್ಬರ ಬಳಿ ಮೂರು ಭಾಗವೂ ಸೇರಿದ ಒಂದೇ ದಪ್ಪ ಪುಸ್ತಕವಿತ್ತು. ಸಾವಿರಕ್ಕೂ ಹೆಚ್ಚು ಪುಟ, ಇರುವೆ ಸಾಲಿನಂಥ ಅಕ್ಷರ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು. ಮೊದಲ ಐವತ್ತು ಪುಟಕ್ಕೆ ಮೂರು ವಾರ ಹಿಡಿಯಿತು. ಆಮೇಲೆ ಆಮೇಲೆ ನಿಘಂಟು ಮಂಚದ ಕೆಳಗೇ ಉಳಿಯಿತು. ಒಂದು ಪದದ ಅರ್ಥ ಗೊತ್ತಾಗದಿದ್ದರೂ ಕಥೆ ನಿಲ್ಲುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ. ಇದನ್ನು ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗಾಗಿ ಹೇಳುತ್ತಿದ್ದೇನೆ.

ಕಥೆ ಗೊತ್ತಿಲ್ಲದ ಹಿರಿಯರಿಗಾಗಿ ಎರಡು ಮಾತು. ಹಾಬಿಟ್ ಎಂದು ಒಂದು ಜನ. ಮೂರು, ಮೂರೂವರೆ ಅಡಿ ಎತ್ತರ. ಪಾದದ ತುಂಬಾ ಕೂದಲು, ಹಾಗಾಗಿ ಚಪ್ಪಲಿ ಹಾಕುವುದಿಲ್ಲ. ಗುಡ್ಡ ಕೊರೆದು ಒಳಗೆ ಬೆಚ್ಚಗೆ ಮನೆ ಮಾಡಿಕೊಂಡಿರುತ್ತಾರೆ. ಬೇಸಾಯ, ತೋಟ, ದಿನಕ್ಕೆ ಸಿಕ್ಕಿದರೆ ಆರು ಊಟ. ಹೊರಗಿನ ಪ್ರಪಂಚದ ಗೊಡವೆ ಬೇಡ. ಆದರೆ ಯಾರ ಅಜ್ಜಿ ಯಾರಿಗೆ ಏನಾಗಬೇಕು ಎಂಬುದು ಬಾಯಿಪಾಠ. ನಮ್ಮೂರಿನವರೇ ಅನ್ನಿ! ಅವರ ಸೀಮೆಯ ಹೆಸರು ಶೈರ್. ಆ ಸೀಮೆಯ ಫ್ರೋಡೊ ಎಂಬವನ ಕೈಗೆ ಒಂದು ಉಂಗುರ ಬರುತ್ತದೆ. ಅದನ್ನು ಮಾಡಿದವನು ಸೌರಾನ್ ಎಂಬ ದುಷ್ಟ ಅರಸ. ಅದು ಮತ್ತೆ ಅವನ ಕೈ ಸೇರಿದರೆ ಲೋಕವೇ ಅವನ ಅಡಿಯಾಳು. ಅದು ಎಲ್ಲಿ ಎರಕಗೊಂಡಿತೋ ಆ ಬೆಂಕಿಯ ಬೆಟ್ಟಕ್ಕೇ ಹೋಗಿ, ಅದೇ ಬೆಂಕಿಗೆ ಹಾಕಿ ಕರಗಿಸಬೇಕು. ಬೇರೆ ದಾರಿಯಿಲ್ಲ. ಫ್ರೋಡೊ ಹೊರಡುತ್ತಾನೆ. ಜೊತೆಗೆ ಅವನ ತೋಟದ ಕೆಲಸ ನೋಡಿಕೊಳ್ಳುವ ಸ್ಯಾಮ್, ನೆಂಟರ ಹುಡುಗರಾದ ಮೆರ್ರಿ ಮತ್ತು ಪಿಪ್ಪಿನ್. ಹೀಗೆ ಊರು ಬಿಟ್ಟ ಹುಡುಗರು ನಾಲ್ವರು.

ಓದುವಾಗ ನನ್ನ ಕಣ್ಣಿಗೆ ಕಂಡ ಶೈರ್ ಇಂಗ್ಲೆಂಡಿನದಲ್ಲ. ನಾನು ಇಂಗ್ಲೆಂಡನ್ನು ನೋಡಿರಲಿಲ್ಲವಲ್ಲ. ಫ್ರೋಡೊನ ಮನೆಯಿದ್ದ ಗುಡ್ಡ ಈ ಶಾಲೆಯ ಹಿಂದಿನ ಗುಡ್ಡ. ಪಕ್ಕದ ಕೊಳ ನಮ್ಮ ಕೆರೆ. ಹಿಟ್ಟಿನ ಗಿರಣಿ ನಮ್ಮ ಅಕ್ಕಿ ಗಿರಣಿ. ಹಾಬಿಟ್‌ಗಳು ಹರಟೆ ಹೊಡೆಯುವ ಜಾಗ ಬಸ್‌ಸ್ಟ್ಯಾಂಡಿನ ಹೋಟೆಲು. ಅವರು ಕುಡಿಯುವುದು ಬಿಯರು, ನಮ್ಮಲ್ಲಿ ಚಹಾ. ಅಷ್ಟೇ ವ್ಯತ್ಯಾಸ ಎಂದು ಗುರುಗಳ ಎದುರಿಗೆ ಹೇಳಿಬಿಡುತ್ತೇನೆ.

ಥಿಯೇಟರಿನಲ್ಲಿ ಪರದೆಯ ಮೇಲೆ ಶೈರ್ ಬಂದಾಗ ಅದು ಬೇರೆಯೇ ಇತ್ತು. ನ್ಯೂಜಿಲೆಂಡಿನ ಮಾಟಮಾಟಾ ಎಂಬ ಊರಿನ ಬಳಿ ಕುರಿ ಸಾಕುವ ಒಂದು ಜಮೀನಿನಲ್ಲಿ ಹಾಕಿದ ಸೆಟ್ ಅದು. ಗಿಡಗಳು ನಿಜವಾಗಿ ಬೆಳೆದಂತೆ ಕಾಣಲಿ ಎಂದು ಚಿತ್ರೀಕರಣಕ್ಕೆ ಎಷ್ಟೋ ತಿಂಗಳು ಮುಂಚೆಯೇ ತೋಟ ಹಾಕಿದ್ದರಂತೆ. ನಿರ್ದೇಶಕ ಪೀಟರ್ ಜಾಕ್ಸನ್ ಮೂರೂ ಚಿತ್ರಗಳನ್ನು ಒಟ್ಟಿಗೇ, 1999ರ ಅಕ್ಟೋಬರಿನಿಂದ 2000ದ ಡಿಸೆಂಬರಿನವರೆಗೆ ಚಿತ್ರೀಕರಿಸಿ, ವರ್ಷಕ್ಕೊಂದರಂತೆ ಬಿಡುಗಡೆ ಮಾಡಿದರು. ನನ್ನ ಗುಡ್ಡ, ನನ್ನ ಕೆರೆ ಅಲ್ಲಿರಲಿಲ್ಲ. ಆದರೂ ಬೇಸರವಾಗಲಿಲ್ಲ, ಅಷ್ಟು ಚೆನ್ನಾಗಿತ್ತು. ಯುದ್ಧದ ದೃಶ್ಯಗಳಲ್ಲಿ ಸಾವಿರ ಸಾವಿರ ಸೈನಿಕರು. ಅವರನ್ನು ಒಬ್ಬೊಬ್ಬರನ್ನಾಗಿ ಕೂತು ಬಿಡಿಸಿದ್ದಲ್ಲ. ಸ್ಟೀಫನ್ ರೆಜೆಲಸ್ ಎಂಬವರು ಈ ಚಿತ್ರಗಳಿಗಾಗಿಯೇ ‘ಮ್ಯಾಸಿವ್’ ಎಂಬ ಸಾಫ್ಟ್‌ವೇರ್ ಬರೆದರು. ಅದರಲ್ಲಿ ಪ್ರತಿಯೊಬ್ಬ ಸೈನಿಕನೂ ತನ್ನ ಸುತ್ತ ಏನಾಗುತ್ತಿದೆ ಎಂದು ತಾನೇ ನೋಡಿ, ಹೊಡೆಯಬೇಕೋ ತಪ್ಪಿಸಿಕೊಳ್ಳಬೇಕೋ ತಾನೇ ತೀರ್ಮಾನಿಸುತ್ತಾನೆ. ಇದನ್ನು ಆಮೇಲೆ ಓದಿ ತಿಳಿದುಕೊಂಡಾಗ ನನ್ನ ಓದಿನ ಮೇಲೆ ನನಗೇ ಒಂದಿಷ್ಟು ಗೌರವ ಬಂತು. ಮಾಹಿತಿ ತಂತ್ರಜ್ಞಾನದ ಬಗ್ಗೆ ನಾನು ಹೇಳುವುದು ಇಷ್ಟೇ. ಸಮಿತಿಯವರು ಸಮಾಧಾನ ಮಾಡಿಕೊಳ್ಳಬೇಕು.

ಚಿತ್ರ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಉಂಗುರ ಬೆಂಕಿಗೆ ಬಿತ್ತು, ದುಷ್ಟನ ಗೋಪುರ ಕುಸಿಯಿತು, ಹೊಸ ರಾಜನಿಗೆ ಪಟ್ಟಾಭಿಷೇಕವಾಯಿತು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ನಾನು ಮಾತ್ರ ಕುರ್ಚಿಯ ತುದಿಗೆ ಬಂದು ಕೂತೆ. ನಾನು ಕಾಯುತ್ತಿದ್ದ ಭಾಗ ಇನ್ನು ಶುರುವಾಗಬೇಕಿತ್ತು.

ಶುರುವಾಗಲೇ ಇಲ್ಲ. ನಾಲ್ವರು ಹುಡುಗರು ಕುದುರೆ ಹತ್ತಿ ಊರಿಗೆ ಬರುತ್ತಾರೆ. ಊರು ಬಿಟ್ಟ ದಿನ ಹೇಗಿತ್ತೋ ಹಾಗೇ ಇದೆ. ಅದೇ ಹಸಿರು, ಅದೇ ಬೇಲಿ. ಹಳೆಯ ಪಾನಗೃಹದಲ್ಲಿ ನಾಲ್ವರೂ ಸುಮ್ಮನೆ ಕೂರುತ್ತಾರೆ. ಸುತ್ತಲಿನ ಜನಕ್ಕೆ ಇವರು ಲೋಕ ಉಳಿಸಿ ಬಂದದ್ದು ಗೊತ್ತೇ ಇಲ್ಲ. ಒಬ್ಬರು ಬೆಳೆದ ಕುಂಬಳಕಾಯಿಯೇ ಅಲ್ಲಿ ದೊಡ್ಡ ಸುದ್ದಿ. ಒಬ್ಬರ ಮುಖ ಒಬ್ಬರು ನೋಡಿ, ಲೋಟಕ್ಕೆ ಲೋಟ ತಾಗಿಸುತ್ತಾರೆ. ದೃಶ್ಯ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ನನ್ನ ಮೂವರು ಗೆಳೆಯರೂ ಕಣ್ಣು ಒರೆಸಿಕೊಂಡೇ ಹೊರಗೆ ಬಂದರು.

ಸಂಜೆ ವಾಪಸು ರೈಲಿನಲ್ಲಿ, “ಊರಿನ ಅಧ್ಯಾಯವನ್ನೇ ತೆಗೆದುಬಿಟ್ಟಿದ್ದಾರೆ” ಎಂದೆ. ಮಂಡ್ಯದ ಗೆಳೆಯ, “ಬುಡ್ಲಾ, ಮೂರೂವರೆ ಗಂಟೆ ಕುಂತಿದ್ದು ಸಾಲ್ದಾ ನಿಂಗೆ?” ಎಂದ. ಆದರೆ ಚನ್ನಪಟ್ಟಣ ದಾಟುವಷ್ಟರಲ್ಲಿ ಅವನೇ, “ಅದೇನೈತೆ ಹೇಳು ಮತ್ತೆ” ಎಂದ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ.

ಇಡೀ ಕಾದಂಬರಿಯಲ್ಲಿ 62 ಅಧ್ಯಾಯಗಳಿವೆ. ನಾನು ಹೇಳುತ್ತಿರುವುದು ಅರುವತ್ತೊಂದನೆಯದು. ಉಂಗುರದ ಕೆಲಸವೆಲ್ಲ ಮುಗಿದ ಮೇಲೆ ನಾಲ್ವರೂ ರಾತ್ರಿ ಹೊತ್ತು ಊರಿನ ಸೇತುವೆಗೆ ಬಂದರೆ, ಸೇತುವೆಗೆ ಅಡ್ಡಲಾಗಿ ಮುಳ್ಳುಗೇಟು ಹಾಕಿದೆ. ಒಳಗೆ ಹೋದರೆ ಗೋಡೆಯ ಮೇಲೆ ನಿಯಮಗಳ ಪಟ್ಟಿ. ಪಾನಗೃಹಗಳನ್ನು ಮುಚ್ಚಿಸಿದ್ದಾರೆ. ಬೆಳೆದ ಧಾನ್ಯವನ್ನು ‘ಎಲ್ಲರಿಗೂ ಹಂಚುವುದಕ್ಕೆ’ ಎಂದು ಒಯ್ಯುತ್ತಾರೆ, ಹಂಚಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ದಾರಿಯ ಸಾಲುಮರಗಳನ್ನು ಕಡಿದು ಬಿಸಾಡಿದ್ದಾರೆ. ಹಳೆಯ ಗಿರಣಿ ಕೆಡವಿ ದೊಡ್ಡದೊಂದು ಕಟ್ಟಿದ್ದಾರೆ; ಅದರ ಕೊಳೆಯೆಲ್ಲ ಹೊಳೆಗೆ. ಸ್ಯಾಮನ ಅಪ್ಪನ ಮನೆಯಿದ್ದ ಸಾಲನ್ನು ಅಗೆದು ಗ್ರಾವಲ್ ತೆಗೆಯುವ ಹೊಂಡ ಮಾಡಿದ್ದಾರೆ. ಊರಿನವರೆಲ್ಲ ಹಬ್ಬಕ್ಕೆ ಸೇರುತ್ತಿದ್ದ ಬಯಲಿನ ದೊಡ್ಡ ಮರ ಉರುಳಿ ಬಿದ್ದಿದೆ. ಇಡೀ ಪ್ರಯಾಣದಲ್ಲಿ ಎಷ್ಟೆಲ್ಲ ಕಷ್ಟ ನುಂಗಿಕೊಂಡು ಬಂದ ಸ್ಯಾಮ್ ಆ ಮರವನ್ನು ಕಂಡು ಅಳುತ್ತಾನೆ.

ಇದನ್ನು ಯಾರು ಮಾಡಿದರು ಎಂಬಲ್ಲಿ ಲೇಖಕರ ಜಾಣತನವಿದೆ. ಕೊನೆಗೆ ನೋಡಿದರೆ ಸಾರುಮಾನ್ ಎಂಬ ಹೊರಗಿನ ಮಾಂತ್ರಿಕನ ಕೈವಾಡ ನಿಜ. ಆದರೆ ಬಾಗಿಲು ತೆಗೆದುಕೊಟ್ಟವನು ಊರವನೇ, ಫ್ರೋಡೊನ ನೆಂಟ ಲೋಥೊ. ಮೊದಲು ಗಿರಣಿ ಕೊಂಡ, ಆಮೇಲೆ ಜಮೀನು, ಆಮೇಲೆ ತಂಬಾಕಿನ ತೋಟ. ಸರಕೆಲ್ಲ ಗಾಡಿಗಟ್ಟಲೆ ದಕ್ಷಿಣಕ್ಕೆ ಹೋಗತೊಡಗಿತು. ಹಾಗೆ ಹೋದ ಗಾಡಿಗಳ ಜೊತೆಗೇ ಪುಂಡರು ಬಂದು ನೆಲೆಯೂರಿದರು. ಹಳೆಯ ಗಿರಣಿಯವನ ಮಗ ಹೊಸ ಗಿರಣಿಯಲ್ಲಿ ಆ ಪುಂಡರಿಗಾಗಿ ಗಾಲಿ ಒರೆಸುವ ಕೆಲಸಕ್ಕೆ ಸೇರಿಕೊಂಡಿದ್ದಾನೆ, ಅದರಲ್ಲೇ ಅವನಿಗೆ ಹೆಮ್ಮೆ. ಅವನ ಅಪ್ಪ ಅದೇ ಜಾಗದಲ್ಲಿ ತನಗೆ ತಾನೇ ಧಣಿಯಾಗಿದ್ದವನು.

ಆಮೇಲೆ ಮೆರ್ರಿ ಕಹಳೆ ಊದುತ್ತಾನೆ. ಅಲ್ಲಿಯವರೆಗೂ ಪ್ರತಿ ಮನೆಯಲ್ಲೂ ಸಿಟ್ಟಿತ್ತು, ಆದರೆ ತನಗೊಬ್ಬನಿಗೇ ಸಿಟ್ಟು ಬಂದಿದೆ ಎಂದು ಪ್ರತಿಯೊಬ್ಬನೂ ತಿಳಿದಿದ್ದ. ಕಹಳೆ ಕೇಳಿ ರೈತರು ಕೊಡಲಿ, ಸುತ್ತಿಗೆ, ದೊಣ್ಣೆ ಹಿಡಿದು ಹೊರಗೆ ಬಂದರು. ಮರುದಿನ ಹೊಡೆದಾಟವಾಯಿತು. ಹತ್ತೊಂಬತ್ತು ಹಾಬಿಟ್‌ಗಳು ಸತ್ತರು. ಫ್ರೋಡೊ ಕತ್ತಿ ಹಿಡಿಯಲಿಲ್ಲ. ಆಯುಧ ಕೆಳಗಿಟ್ಟವರನ್ನು ಕೊಲ್ಲದಂತೆ ತನ್ನವರನ್ನೇ ತಡೆಯುತ್ತ ನಿಂತ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದರ ನಂತರದ ಕೆಲವು ಪುಟಗಳು. ಯುದ್ಧ ಇಲ್ಲ, ಮಾಂತ್ರಿಕರಿಲ್ಲ. ಬರೀ ರಿಪೇರಿ ಕೆಲಸ. ಮುದುಕರು ಮಕ್ಕಳೆಲ್ಲ ಸೇರಿ ಪುಂಡರು ಕಟ್ಟಿದ ಶೆಡ್ಡುಗಳನ್ನು ಕಿತ್ತು, ಅದೇ ಇಟ್ಟಿಗೆಯಲ್ಲಿ ಹಳೆಯ ಮನೆಗಳನ್ನು ಸರಿಮಾಡುತ್ತಾರೆ. ಪ್ರಯಾಣದ ದಾರಿಯಲ್ಲಿ ಗಲಾಡ್ರಿಯೆಲ್ ಎಂಬ ರಾಣಿ ಸ್ಯಾಮನಿಗೆ ಒಂದು ಪುಟ್ಟ ಡಬ್ಬಿ ಕೊಟ್ಟಿರುತ್ತಾಳೆ. ಒಳಗೆ ಅವಳ ತೋಟದ ಮಣ್ಣು, ಒಂದು ಬೀಜ. ಸ್ಯಾಮ್ ಮರ ಕಡಿದ ಜಾಗದಲ್ಲೆಲ್ಲ ಸಸಿ ನೆಟ್ಟು, ಒಂದೊಂದು ಸಸಿಯ ಬುಡಕ್ಕೆ ಆ ಮಣ್ಣಿನ ಒಂದೊಂದೇ ಕಣ ಹಾಕುತ್ತ ಇಡೀ ಸೀಮೆ ಸುತ್ತುತ್ತಾನೆ. ತನ್ನ ತೋಟಕ್ಕೇ ಅಷ್ಟನ್ನೂ ಸುರಿದುಕೊಳ್ಳಬಹುದಿತ್ತು, ಸುರಿಯಲಿಲ್ಲ. ಬೀಜವನ್ನು ದೊಡ್ಡ ಮರ ಬಿದ್ದಿದ್ದ ಬಯಲಿನಲ್ಲಿ ಹಾಕುತ್ತಾನೆ. ಆ ಹುಡುಗ ಆಮೇಲೆ ಏಳು ಸಲ ಊರಿನ ಮೇಯರ್ ಆಗುತ್ತಾನೆ. ಸಿನಿಮಾದಲ್ಲಿ ಆ ಡಬ್ಬಿಯೂ ಇಲ್ಲ.

ರೈಲಿನಲ್ಲಿ ಇಷ್ಟನ್ನು ಕೇಳಿದ ಮೇಲೆ ನಮ್ಮ ಮೂರನೆಯ ಗೆಳೆಯ, ಬಾಗಲಕೋಟೆ ಕಡೆಯವನು, ತುಂಬ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ. ಅವನ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು. ಅವನ ಮನೆಯವರು ಪುನರ್ವಸತಿ ಕೇಂದ್ರದಲ್ಲಿದ್ದರು. “ಇವರದೇನ್ ಬಿಡಪಾ, ಮಂದಿ ಕೂಡ ಹೊಡದಾಡಿ ಊರ ಉಳಿಸ್ಕೊಂಡ್ರು. ನೀರಿನ ಕೂಡ ಏನ್ ಹೊಡದಾಡ್ತಿ?” ಎಂದ. ನಾವು ಯಾರೂ ಉತ್ತರ ಕೊಡಲಿಲ್ಲ. ನನಗೆ ಈಗಲೂ ಉತ್ತರ ಗೊತ್ತಿಲ್ಲ.

ಈ ಅಧ್ಯಾಯ ಲೇಖಕರಿಗೆ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿ ಓದಿದೆ. ಟೋಲ್ಕಿನ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ಹಳೆಯ ಇಂಗ್ಲಿಷ್ ಭಾಷೆಯ ಪಂಡಿತರು. ಹುಟ್ಟಿದ್ದು 1892ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಹೊರಗೆ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಸುಮಾರು ನಾಲ್ಕು ವರ್ಷ ಇದ್ದರು. ಅಲ್ಲಿ ಕೊಳದ ಪಕ್ಕ ಒಂದು ನೀರಿನ ಗಿರಣಿ. ಅದರ ಯಜಮಾನನ ಮಗನನ್ನು ಕಂಡರೆ ಹುಡುಗನಿಗೆ ಆಗುತ್ತಿರಲಿಲ್ಲವಂತೆ. ನಗರ ಬೆಳೆದು ಆ ಹಳ್ಳಿಯನ್ನು ನುಂಗಿತು. ಕಾದಂಬರಿ 1954–55ರಲ್ಲಿ ಮೂರು ಸಂಪುಟಗಳಲ್ಲಿ ಬಂದಾಗ ಎಷ್ಟೋ ಓದುಗರು ಈ ಅಧ್ಯಾಯ ಎರಡನೇ ಮಹಾಯುದ್ಧದ ನಂತರದ ಇಂಗ್ಲೆಂಡಿನ ಕಥೆ ಎಂದುಕೊಂಡರು. ಟೋಲ್ಕಿನ್ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅದನ್ನು ಅಲ್ಲಗಳೆದರು. ತನಗೆ ಹತ್ತು ವರ್ಷ ತುಂಬುವ ಮೊದಲೇ ತಾನು ಬೆಳೆದ ಸೀಮೆ ಹಾಳಾಗತೊಡಗಿತ್ತು, ಅದರ ನೆನಪು ಇದು ಎಂಬರ್ಥದಲ್ಲಿ ಬರೆದರು. ಮೊದಲ ಮಹಾಯುದ್ಧದಲ್ಲಿ ಸಾಮ್ ನದಿಯ ದಂಡೆಯ ಕದನದಲ್ಲಿದ್ದವರು, ಆಪ್ತ ಗೆಳೆಯರನ್ನು ಕಳೆದುಕೊಂಡವರು ಅವರು. ಯುದ್ಧದಿಂದ ಮನೆಗೆ ಬಂದವನಿಗೆ ಮನೆ ಹಾಗೇ ಇರುವುದಿಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಸೇರ್‌ಹೋಲ್ ಗಿರಣಿಯನ್ನೂ ಕೆಡವುವ ಮಾತು ಬಂದಿತ್ತು. ಅಲ್ಲಿನ ಜನ ಸೇರಿ ಚಳವಳಿ ಮಾಡಿ ಉಳಿಸಿಕೊಂಡರು. ಅದು ದುರಸ್ತಿಯಾಗಿ 1969ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇವತ್ತಿಗೂ ಇದೆ.

ನಿರ್ದೇಶಕರು ಯಾಕೆ ಬಿಟ್ಟರು? ನಮ್ಮೂರ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಗಿನವರೆಗೆ ಆಡುತ್ತಿದ್ದ ಯಕ್ಷಗಾನ ಈಗ ಕಾಲಮಿತಿಗೆ ಇಳಿದಿದೆ. ಯಾವ ಪದ್ಯ ಬಿಡಬೇಕು, ಯಾವ ಪಾತ್ರ ಬಂದು ಹೋದರೆ ಸಾಕು ಎಂದು ಭಾಗವತರು ನಿರ್ಧರಿಸಲೇಬೇಕು. ಮೂರು ಸಿನಿಮಾ ಉದ್ದಕ್ಕೂ ಉಂಗುರ, ಉಂಗುರ ಎಂದು ಪ್ರೇಕ್ಷಕರನ್ನು ಕೂರಿಸಿ, ಅದು ಕರಗಿದ ಮೇಲೆ ಇನ್ನೊಂದು ಹೊಡೆದಾಟ ಶುರುಮಾಡಿದರೆ ಯಾರು ಕೂರುತ್ತಾರೆ? ಸಿನಿಮಾದ ಲೆಕ್ಕದಲ್ಲಿ ಅವರು ಮಾಡಿದ್ದು ಸರಿಯೇ ಎಂದು ನನಗೂ ಅನ್ನಿಸುತ್ತದೆ. ಮೊದಲ ಚಿತ್ರದಲ್ಲಿ ರಾಣಿಯ ನೀರಿನ ಕನ್ನಡಿಯೊಳಗೆ ಫ್ರೋಡೊಗೆ ಉರಿಯುವ ಶೈರ್ ಒಂದು ಗಳಿಗೆ ಕಾಣುತ್ತದೆ. ಅಷ್ಟರಲ್ಲೇ ಈ ಅಧ್ಯಾಯದ ಋಣ ತೀರಿಸಿಬಿಟ್ಟಿದ್ದಾರೆ. ಆದರೆ ಹಾಗೆ ಬಿಟ್ಟದ್ದರಿಂದ ಕಥೆಯ ಅರ್ಥವೇ ಬದಲಾಯಿತು. ಸಿನಿಮಾದಲ್ಲಿ ಊರು ಎಂದರೆ ನೆನಪು; ಅದು ನಮಗಾಗಿ ಹಾಗೇ ಕಾದಿರುತ್ತದೆ. ಪುಸ್ತಕದಲ್ಲಿ ಊರು ಎಂದರೆ ನಾವಿಲ್ಲದಾಗಲೂ ದಿನಾ ಏನಾದರೊಂದು ಆಗುತ್ತಲೇ ಇರುವ ಜಾಗ.

ನಮ್ಮಂಥವರಿಗೆ, ಅಂದರೆ ಊರು ಬಿಟ್ಟು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವವರಿಗೆ, ಸಿನಿಮಾದ ಮುಕ್ತಾಯವೇ ರುಚಿ. ನಿನ್ನೆ ಸಂಜೆ ಬಂದಿಳಿದ ಕೂಡಲೇ ನಾವು ಮಾಡಿದ್ದು ಅದೇ. ಹಳೆಯ ಬೆಂಚು ಹುಡುಕಿದೆವು, ಬಾವಿಕಟ್ಟೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡೆವು, ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಅದೇ ಬನ್ಸ್ ಸಿಗುತ್ತದೆ ಎಂದು ಖುಷಿಪಟ್ಟೆವು. ಅದರಲ್ಲಿ ತಪ್ಪೇನಿಲ್ಲ. ಬನ್ಸ್ ನಿಜವಾಗಿಯೂ ಚೆನ್ನಾಗಿತ್ತು.

ಬೆಳಿಗ್ಗೆ ಎದ್ದು ಶಾಲೆಯ ಹಿಂದಕ್ಕೆ ಹೋದೆ. ಗುಡ್ಡ ಅರ್ಧಕ್ಕರ್ಧ ಇಲ್ಲ. ನಾವು ಪಿ.ಟಿ. ಪೀರಿಯಡ್ಡಿನಲ್ಲಿ ನೆಲ್ಲಿಕಾಯಿಗೆ ಹೋಗುತ್ತಿದ್ದ ಕಡೆ ಟಿಪ್ಪರ್ ಓಡಾಡುವ ದಾರಿ. ಆಟದ ಮೈದಾನದ ಮೂಲೆಯಿಂದ ಹತ್ತೇ ಹೆಜ್ಜೆಗೆ ಜೆಸಿಬಿ ಕೊರೆದ ಗೋಡೆ. ಬೇಲಿಯಿಲ್ಲ, ಕೆಳಗೆ ಮಳೆನೀರು ನಿಂತ ಹೊಂಡ. ಎಂಟನೇ ತರಗತಿಯ ಒಬ್ಬ ಹುಡುಗನನ್ನು ಕೇಳಿದೆ. “ಚೆಂಡು ಆ ಕಡೆ ಹೋದ್ರೆ ಔಟ್ ಅಂತ ರೂಲ್ಸ್ ಮಾಡ್ಕೊಂಡಿದೀವಿ ಅಣ್ಣ” ಎಂದ. ಆ ಮಣ್ಣು ಎಲ್ಲಿಗೆ ಹೋಯಿತು ಎಂದು ನಾನು ಹೇಳಬೇಕಿಲ್ಲ. ಊರಿನ ಮನೆಗಳ ತಳಪಾಯಕ್ಕೂ ಹೋಗಿದೆ, ಪೇಟೆಯ ಬಡಾವಣೆಗೂ ಹೋಗಿದೆ. ತೋಡಿದವರು ಬೇರೆ ಲೋಕದಿಂದ ಬಂದವರಲ್ಲ. ಅವರಲ್ಲಿ ಕೆಲವರು ಈ ಶಾಲೆಯಲ್ಲೇ ಓದಿದವರು, ನನ್ನ ಸ್ನೇಹಿತರು. ಲಾರಿಯ ಸಾಲದ ಕಂತು ಕಟ್ಟುವವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಅವರನ್ನು ಸಾರುಮಾನ್ ಎಂದು ಕರೆಯಲು ನಾನು ಮೈಸೂರು, ಬೆಂಗಳೂರು ಸುತ್ತಿ ಬಂದಿಲ್ಲ. ಕಾದಂಬರಿಯಲ್ಲೂ ಊರವರು ಊರವರ ಮೇಲೆ ಕೈ ಎತ್ತಬಾರದು ಎಂದು ಫ್ರೋಡೊ ಮೊದಲೇ ಹೇಳಿಬಿಡುತ್ತಾನೆ.

ಹಾಗೆಯೇ, ಹೊರಗಿನಿಂದ ಬಂದ ನಾಲ್ವರು ಊರು ಉಳಿಸಿದರು ಎಂದೂ ಯಾರೂ ತಿಳಿಯಬಾರದು. ಅವರು ಕಹಳೆ ಊದಿದರು, ಹೊಡೆದಾಟದಲ್ಲಿ ಮುಂದೆ ನಿಂತರು. ಆದರೆ ಎದ್ದು ಬಂದವರು, ಇಟ್ಟಿಗೆ ಹೊತ್ತವರು ಊರಿನಲ್ಲೇ ಇದ್ದವರು. ಇವತ್ತಿನ ಸಭೆಯಲ್ಲಿ ನಮ್ಮಂಥ ಹೊರಗಿನವರಿಗೆ ಶಾಲು, ಹಾರ ಸ್ವಲ್ಪ ಜಾಸ್ತಿಯೇ ಆಯಿತು. ಐವತ್ತು ವರ್ಷ ಈ ಶಾಲೆಯ ಹೆಂಚು ಬದಲಾಯಿಸಿದವರು, ಬಿಸಿಯೂಟಕ್ಕೆ ತರಕಾರಿ ತಂದುಕೊಟ್ಟವರು ಆ ಹಿಂದಿನ ಸಾಲುಗಳಲ್ಲಿ ನಿಂತಿದ್ದಾರೆ.

ಈಗ ಕೆಲಸದ ಎರಡು ವಿಷಯ ಹೇಳಿ ಮುಗಿಸುತ್ತೇನೆ.

ಶಾಲೆಯ ಜಾಗ ಎಲ್ಲಿಯವರೆಗಿದೆ ಎಂಬುದೇ ಸ್ಪಷ್ಟವಿಲ್ಲದ್ದರಿಂದ ಹೊಂಡಕ್ಕೆ ಬೇಲಿ ಹಾಕಲೂ ಆಗುತ್ತಿಲ್ಲವಂತೆ. ಎಸ್‌ಡಿಎಂಸಿಯವರು ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದಾರೆ. ಸರ್ವೆಯವರು ಬರುವ ದಿನ ಗಡಿಕಲ್ಲು ಎಲ್ಲಿತ್ತೆಂದು ತೋರಿಸಲು ಹಳಬರು ಬೇಕು. 1980ರ ದಶಕದಲ್ಲಿ ಇಲ್ಲಿ ಓದಿದವರಿಗೆ ಆ ಕಲ್ಲುಗಳು ಗೊತ್ತಿರುತ್ತವೆ, ಅದರ ಮೇಲೆಯೇ ಕೂತು ಬುತ್ತಿ ಉಂಡಿರುತ್ತೀರಿ. ದಯವಿಟ್ಟು ಊಟಕ್ಕೆ ಹೋಗುವ ಮುಂಚೆ ಹೆಸರು, ಫೋನ್ ನಂಬರ್ ಬರೆಸಿ. ಬೆಂಗಳೂರಿನಿಂದ ನಾವು ಆರು ಜನ ಬರುತ್ತೇವೆಂದು ಒಪ್ಪಿಕೊಂಡಿದ್ದೇವೆ. ಟಿಪ್ಪರ್ ಇಟ್ಟಿರುವ ಗೆಳೆಯರೂ ಬಂದರೆ ಒಳ್ಳೆಯದು; ಬೇಲಿಯ ಕಲ್ಲುಕಂಬ ಸಾಗಿಸಲು ಗಾಡಿ ಹೇಗೂ ಬೇಕಾಗುತ್ತದೆ.

ಎರಡನೆಯದು ಮಕ್ಕಳಿಗೆ. ಆ ದಪ್ಪ ಪುಸ್ತಕದ ಒಂದು ಪ್ರತಿ, ಜೊತೆಗೆ ಒಂದು ನಿಘಂಟು ತಂದಿದ್ದೇನೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನೂ ತಂದಿದ್ದೇನೆ. ಓದಿ ದೂರ ಹೋದವನೊಬ್ಬ ಊರಿನ ಮಣ್ಣಿಗೆ ಹಿಂತಿರುಗುವ ಕಥೆ ಕನ್ನಡದಲ್ಲಿ ಟೋಲ್ಕಿನ್ನರಿಗಿಂತ ಮೊದಲೇ ಬಂದಿತ್ತು. ಯಾವುದನ್ನು ಮೊದಲು ಓದಿದರೂ ಸರಿ. ಸಿನಿಮಾ ಮೊದಲು ನೋಡಿದರೂ ಅಡ್ಡಿಯಿಲ್ಲ, ಅರುವತ್ತೊಂದನೆಯ ಅಧ್ಯಾಯ ಮಾತ್ರ ಓದದೆ ಬಿಡಬೇಡಿ. ಪುಸ್ತಕಗಳು ಗ್ರಂಥಾಲಯದ ಬೀರುವಿನಲ್ಲಿರುತ್ತವೆ. ಬೀರುವಿನ ಕೀಲಿ ನಮ್ಮ ಕಾಲದಲ್ಲಿ ಯಾರ ಬಳಿ ಇರುತ್ತಿತ್ತು ಎಂಬುದು ಕೊನೆಗೂ ನಮಗೆ ಗೊತ್ತಾಗಲಿಲ್ಲ. ಈಗ ಅದನ್ನು ಆಫೀಸ್ ಕೋಣೆಯ ಗೋಡೆಯ ಮೊಳೆಗೆ ನೇತು ಹಾಕುತ್ತೇನೆಂದು ಮುಖ್ಯೋಪಾಧ್ಯಾಯರು ಮಾತು ಕೊಟ್ಟಿದ್ದಾರೆ. ಎಡಗಡೆಯ ಮೊಳೆ. ಕೇಳಿ ತೆಗೆದುಕೊಳ್ಳಿ.